ನಮ್ಮ ಸೀಮೆಯ ಹೆಣ್ಣುಮಕ್ಕಳೂ ಸ್ಕ್ಯಾನಿಂಗ್ ಯಂತ್ರವೂ

ಮಂಡ್ಯ ಜಿಲ್ಲೆಯವರಾದ ನಮಗೆ ಇತ್ತೀಚಿನ ವರ್ಷಗಳಲ್ಲಿ 'ಸ್ಕ್ಯಾನಿಂಗ್' ಎಂಬ ಮಾತು ಕಿವಿಗೆ ಬಿದ್ದರೆ ತಲೆ ತಗ್ಗಿಸುವಂತಾಗುತ್ತದೆ. 2023ರ ಕೊನೆಯಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟುಕೊಂಡು ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುತ್ತಿದ್ದ ಜಾಲವೊಂದನ್ನು ಬೆಂಗಳೂರಿನ ಪೊಲೀಸರು ಬಯಲಿಗೆಳೆದರು. ಬೆಲ್ಲ ಬೇಯುವ ಜಾಗದಲ್ಲಿ ಹೆಣ್ಣುಕೂಸುಗಳ ಹಣೆಬರಹ ನಿರ್ಧಾರವಾಗುತ್ತಿತ್ತು. ಮರುವರ್ಷ, 2024ರ ಮೇ ತಿಂಗಳಲ್ಲಿ, ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲಿಯೇ ಗರ್ಭಪಾತ ನಡೆಯುತ್ತಿದ್ದ ಸುದ್ದಿ ಬಂತು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯಿದೆ ಬಂದದ್ದು 1994ರಲ್ಲಿ. ಕಾಯಿದೆಗೆ ಮೂವತ್ತು ವರ್ಷ ತುಂಬುವ ಹೊತ್ತಿಗೆ ನಮ್ಮ ಸೀಮೆ ಈ ಕೀರ್ತಿಯನ್ನು ಸಂಪಾದಿಸಿತು.

ಆದರೆ ಯಂತ್ರದ್ದೇನು ತಪ್ಪು? ಕುಡುಗೋಲಿನಿಂದ ಬೆಳೆಯನ್ನೂ ಕೊಯ್ಯಬಹುದು, ಕೊರಳನ್ನೂ ಕೊಯ್ಯಬಹುದು. ಅದೇ ಯಂತ್ರ ಹೆಣ್ಣಿನ ಒಡಲನ್ನು ಉಳಿಸುವ ಕೆಲಸವನ್ನೂ ಮಾಡುತ್ತದೆ. ಆ ಮಾತನ್ನು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಬಿಡಿಸಿ ಹೇಳಿಲ್ಲ. ಮೂರು ದಶಕಗಳಿಗೂ ಮೇಲ್ಪಟ್ಟು ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ನಿವೃತ್ತಿಯಾದ ಮೇಲೆ ಸೀಮೆಸುಣ್ಣ ಬಿಟ್ಟರೂ ಪಾಠ ಹೇಳುವ ಚಾಳಿ ಬಿಟ್ಟಿಲ್ಲ. ಈ ಹೊತ್ತಿನ ಪಾಠ ಗರ್ಭಕೋಶದ್ದು. ಗಂಡಸರೂ ಓದಬೇಕೆಂದು ವಿನಂತಿ. ಆಸ್ಪತ್ರೆಯ ಕಾಗದಕ್ಕೆ ರುಜು ಹಾಕುವವರು ಬಹುಮಟ್ಟಿಗೆ ಅವರೇ.

ಒಂಬತ್ತನೆಯ ತರಗತಿಯ 'ಶಬ್ದ' ಪಾಠದಲ್ಲಿ ಬಾವಲಿ, ಪ್ರತಿಧ್ವನಿ, ಶ್ರವಣಾತೀತ ಧ್ವನಿ ಎಲ್ಲವೂ ಬರುತ್ತವೆ. ಮನುಷ್ಯನ ಕಿವಿಗೆ ಕೇಳಿಸದಷ್ಟು ಎತ್ತರದ ಧ್ವನಿಯನ್ನು ಒಳಗೆ ಕಳಿಸಿ, ಅದು ಬಡಿದು ಹಿಂದಿರುಗುವ ವೇಳೆಯನ್ನು ಲೆಕ್ಕ ಹಾಕಿ ಚಿತ್ರ ಬರೆಯುವುದೇ ಸ್ಕ್ಯಾನಿಂಗ್. ಕಬ್ಬಿಣದೊಳಗಣ ಬಿರುಕನ್ನು ಕಂಡುಹಿಡಿಯಲು ಕಾರ್ಖಾನೆಗಳಲ್ಲಿ ಈ ಉಪಾಯವಿತ್ತು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಎಂಬ ಪ್ರಸೂತಿ ವೈದ್ಯರಿಗೆ, ಕಬ್ಬಿಣದ ಒಡಲನ್ನು ನೋಡಬಲ್ಲ ಯಂತ್ರ ಹೆಣ್ಣಿನ ಒಡಲನ್ನೇಕೆ ನೋಡಬಾರದು ಎಂಬ ಯೋಚನೆ ಬಂತು. 1955ರ ಜುಲೈ ತಿಂಗಳಲ್ಲಿ, ಶಸ್ತ್ರಕ್ರಿಯೆಯಲ್ಲಿ ತೆಗೆದಿದ್ದ ಗರ್ಭಕೋಶದ ಗಡ್ಡೆಗಳನ್ನೂ ಅಂಡಾಶಯದ ನೀರುಗುಳ್ಳೆಗಳನ್ನೂ ಎರಡು ಕಾರುಗಳಲ್ಲಿ ತುಂಬಿಕೊಂಡು ಅವರು ಬಾಯ್ಲರ್ ತಯಾರಿಸುವ ಕಾರ್ಖಾನೆಯೊಂದಕ್ಕೆ ಹೋದರು. ನಮ್ಮ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯ ಮುಂದೆ ವೈದ್ಯರೊಬ್ಬರು ಗಡ್ಡೆಗಳ ಬುಟ್ಟಿ ಇಳಿಸಿದಂತೆ ಊಹಿಸಿಕೊಳ್ಳಿ! ಗಟ್ಟಿಯಾದ ಗಡ್ಡೆ ಕೊಡುವ ಪ್ರತಿಧ್ವನಿಯೇ ಬೇರೆ, ನೀರು ತುಂಬಿದ ಗುಳ್ಳೆಯದೇ ಬೇರೆ ಎಂಬುದು ಅಂದು ತಿಳಿಯಿತು. 1958ರಲ್ಲಿ 'ಲ್ಯಾನ್ಸೆಟ್' ವೈದ್ಯ ಪತ್ರಿಕೆಯಲ್ಲಿ ಅವರ ಲೇಖನ ಅಚ್ಚಾಯಿತು. ಕ್ಯಾನ್ಸರೆಂದು ಕೈಬಿಟ್ಟಿದ್ದ ಹೆಂಗಸೊಬ್ಬಳ ಹೊಟ್ಟೆಯಲ್ಲಿರುವುದು ದೊಡ್ಡದೊಂದು ನೀರುಗುಳ್ಳೆಯಷ್ಟೆ ಎಂದು ಈ ಯಂತ್ರ ತೋರಿಸಿಕೊಟ್ಟಿತು. ಅದನ್ನು ತೆಗೆದರು, ಆಕೆ ಬದುಕಿದಳು. ಕಂಡಿರಾ, ಈ ಯಂತ್ರ ಮೊದಲು ನೋಡಹೊರಟದ್ದು ಕೂಸಿನ ಲಿಂಗವನ್ನಲ್ಲ, ತಾಯಂದಿರ ಗಡ್ಡೆಯನ್ನು.

ಇನ್ನು ಈ ಗಡ್ಡೆಯ ವಿಚಾರ. ವೈದ್ಯರು ಫೈಬ್ರಾಯ್ಡ್ ಎನ್ನುತ್ತಾರೆ. ಗರ್ಭಕೋಶದ ಗೋಡೆಯ ಸ್ನಾಯು ಮತ್ತು ನಾರು ಸೇರಿ ಉಂಡೆಗಟ್ಟಿ ಬೆಳೆಯುವ ಗಂಟು ಅದು. ಬಟಾಣಿಯಷ್ಟೂ ಇರಬಹುದು, ತೆಂಗಿನಕಾಯಿಯಷ್ಟೂ ಆಗಬಹುದು. ಕ್ಯಾನ್ಸರ್ ಆಗಿರುವುದು ತೀರ ವಿರಳ. ಹಲವರಿಗೆ ಅದು ಇರುವುದೇ ತಿಳಿಯುವುದಿಲ್ಲ. ಕೆಲವರಿಗೆ ಮಾತ್ರ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತದೆ, ಕಿಬ್ಬೊಟ್ಟೆ ಭಾರವಾಗುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನಾಗಿಯೇ ಕುಗ್ಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಇದಕ್ಕೆಲ್ಲ ಒಂದೇ ಮದ್ದು. "ಮಕ್ಳಾದ್ಮೇಲೆ ಚೀಲ ಇಟ್ಕೊಂಡ್ ಏನ್ ಮಾಡೀಯೆ? ತೆಗ್ಸಾಕು" ಎಂದು ಓರಗಿತ್ತಿಯೂ ಹೇಳುತ್ತಾಳೆ, ಅತ್ತೆಯೂ ಹೇಳುತ್ತಾಳೆ. ಭತ್ತ ತುಂಬಿ ಖಾಲಿಯಾದ ಗೋಣಿಚೀಲದ ವಿಷಯದಲ್ಲಿ ಆಡುವ ಮಾತೂ ಇದೇ. ಶಾಲೆಯ ತಾಯಂದಿರ ಸಭೆ ಮುಗಿದ ಮೇಲೆ ಮೂಲೆಯಲ್ಲಿ ನಿಂತು "ಟೀಚರಮ್ಮ, ನಂಗೆ ಆಪ್ರೇಸನ್ ಆಗದೆ, ಕೊಳಾಯಿ ನೀರು ಹೊರಕ್ಕಾಗಾಕಿಲ್ಲ" ಎನ್ನುತ್ತಿದ್ದ ಮೂವತ್ತರ ಆಸುಪಾಸಿನ ಹೆಂಗಸರನ್ನು ನಾಲ್ಕೂ ತಾಲ್ಲೂಕುಗಳಲ್ಲಿ ಕಂಡಿದ್ದೇನೆ.

ನನ್ನ ನಾದಿನಿಯೂ ಅವರಲ್ಲಿ ಒಬ್ಬಳು. ಕೃಷ್ಣರಾಜಪೇಟೆ ತಾಲ್ಲೂಕಿನ ಹಳ್ಳಿಯೊಂದಕ್ಕೆ ಕೊಟ್ಟಿದ್ದೆವು. 1994ರಲ್ಲಿ ಅವಳಿಗೆ ಮೂವತ್ತಮೂರು ವರ್ಷ. ತಿಂಗಳಲ್ಲಿ ಹತ್ತು ಹನ್ನೆರಡು ದಿನ ರಕ್ತ ಹೋಗಿ ಮೈ ಬಿಳಿಚಿಕೊಂಡಿತ್ತು. ಪಟ್ಟಣದ ಖಾಸಗಿ ಆಸ್ಪತ್ರೆಯೊಂದರಲ್ಲಿ ಗರ್ಭಕೋಶ ತೆಗೆದರು. ಜೊತೆಗೆ ಎರಡು ಅಂಡಾಶಯಗಳನ್ನೂ ತೆಗೆದರು. ಖರ್ಚಿಗೆ ಕಿವಿಯ ಓಲೆ ಅಡವಿಗೆ ಹೋಯಿತು. ರಕ್ತಸ್ರಾವ ನಿಂತದ್ದು ನಿಜ. ಆದರೆ ಅಂಡಾಶಯವೆಂದರೆ ಬರಿಯ ಮೊಟ್ಟೆಯಿಡುವ ಗೂಡಲ್ಲ. ಹೆಣ್ಣಿನ ಮೂಳೆಗೆ, ಹೃದಯಕ್ಕೆ, ನಿದ್ದೆಗೆ ಬೇಕಾದ ಹಾರ್ಮೋನನ್ನು ಒದಗಿಸುವ ಗ್ರಂಥಿ. ಐವತ್ತರ ಹೊತ್ತಿಗೆ ಮೆಲ್ಲಮೆಲ್ಲನೆ ಬರಬೇಕಾದ ಮುಟ್ಟಿನ ಮುಕ್ತಾಯ ಅವಳಿಗೆ ಒಂದೇ ದಿನದಲ್ಲಿ ಬಂತು. ನಡುರಾತ್ರಿ ಮೈ ಕಾದು ಬೆವತು ಅಂಗಳಕ್ಕೆ ಬಂದು ಕೂರುತ್ತಿದ್ದಳು. ಐವತ್ತು ದಾಟುವುದರೊಳಗೆ ಹಿತ್ತಲಲ್ಲಿ ಸುಮ್ಮನೆ ಜಾರಿ ಬಿದ್ದದ್ದಕ್ಕೆ ಮಣಿಕಟ್ಟು ಮುರಿಯಿತು. ಮೂಳೆ ಸವೆದಿದೆಯೆಂದು ಹೇಳಿದರು. ಇಂಥವರಿಗೆ ಹಾರ್ಮೋನು ಮಾತ್ರೆಯ ಅಗತ್ಯವಿರುತ್ತದೆಂಬುದನ್ನು ಆ ಇಪ್ಪತ್ತು ವರ್ಷಗಳಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ.

ಇದು ಒಬ್ಬಳ ಕಥೆಯಲ್ಲ. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ತಮ್ಮ ಗರ್ಭಕೋಶಗಳನ್ನು ಕಾರಣವಿಲ್ಲದೆ ತೆಗೆದಿದ್ದಾರೆಂದು ಬೀದಿಗಿಳಿದರು, ತನಿಖೆ ನಡೆಯಿತು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿಯೂ ಇದೇ ದೂರೆದ್ದು, ಅಲ್ಲಿಯ ಹೆಣ್ಣುಮಕ್ಕಳು ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಮೂವರಿಗೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡವರು. ನೆರೆಯ ಆಂಧ್ರ, ತೆಲಂಗಾಣಗಳಲ್ಲಿ ನೂರಕ್ಕೆ ಎಂಟಕ್ಕಿಂತ ಹೆಚ್ಚು. ಬಹುಪಾಲು ಶಸ್ತ್ರಕ್ರಿಯೆಗಳು ಖಾಸಗಿ ಆಸ್ಪತ್ರೆಗಳಲ್ಲಿ ನಡೆದವು. ಡಾ. ನರೇಂದ್ರ ಗುಪ್ತಾ ಎಂಬುವರು ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್ 5ರಂದು, ಅನಗತ್ಯ ಶಸ್ತ್ರಕ್ರಿಯೆಗಳನ್ನು ತಡೆಯಲು ಕೇಂದ್ರ ಸರ್ಕಾರ ರೂಪಿಸಿದ್ದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿತು.

ಹಾಗಾದರೆ ಬೇರೆ ದಾರಿ ಯಾವುದು? ಮೊದಲ ಮೆಟ್ಟಿಲು ಔಷಧ. ರಕ್ತಸ್ರಾವ ತಗ್ಗಿಸುವ ಮಾತ್ರೆಗಳಿವೆ. ಹಾರ್ಮೋನು ಸೂಸುವ, ಗರ್ಭಕೋಶದೊಳಗೆ ಇಡುವ ಸಾಧನವಿದೆ. ಎರಡನೆಯದು, ಗರ್ಭಕೋಶವನ್ನು ಉಳಿಸಿ ಗಡ್ಡೆಯನ್ನಷ್ಟೇ ತೆಗೆಯುವುದು. ಒಳಗೋಡೆಯಲ್ಲಿರುವ ಸಣ್ಣ ಗಡ್ಡೆಯಾದರೆ ಹೊಟ್ಟೆಯನ್ನು ಕೊಯ್ಯದೆ, ಕೆಳಗಿನಿಂದಲೇ ಕ್ಯಾಮೆರಾ ಕೊಳವೆ ತೂರಿಸಿ ತೆಗೆಯುತ್ತಾರೆ. ಮೂರನೆಯದು ಚಿತ್ರವನ್ನು ನೋಡುತ್ತ ನಡೆಸುವ ಚಿಕಿತ್ಸೆ. ನಾಲೆಯ ನೀರು ಕುಡಿದು ಬೆಳೆದ ನಮ್ಮವರಿಗೆ ಇದನ್ನು ಅರ್ಥಮಾಡಿಸುವುದು ಕಷ್ಟವಲ್ಲ.

ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಸುರಂಗ ಹಾದು ಬರುತ್ತದೆ. ಕವಲೊಡೆದು ವಿತರಣಾ ನಾಲೆಯಾಗುತ್ತದೆ. ಕೊನೆಗೆ ತೂಬಿನ ಮೂಲಕ ಗದ್ದೆಗೆ ಇಳಿಯುತ್ತದೆ. ಒಂದು ತಾಕಿನಲ್ಲಿ ಕಳೆ ವಿಪರೀತ ಬೆಳೆದು ನೀರನ್ನೆಲ್ಲ ಹೀರುತ್ತಿದ್ದರೆ ಗದ್ದೆಯನ್ನೇ ಅಗೆದು ಬಿಸಾಡುತ್ತೇವೆಯೆ? ಜಾಣ ನೀರುಗಂಟಿ ಆ ತಾಕಿನ ತೂಬಿಗೆ ಮಣ್ಣು ಮೆತ್ತುತ್ತಾನೆ. ಗರ್ಭಕೋಶದ ಗಡ್ಡೆಯೂ ಹಾಗೆಯೇ, ರಕ್ತ ಕುಡಿದು ಕೊಬ್ಬುವಂಥದು. ಎಂಬೊಲೈಸೇಶನ್ ಎಂಬ ಚಿಕಿತ್ಸೆಯಲ್ಲಿ ತೊಡೆಯ ಸಂದಿಯ ಅಥವಾ ಮಣಿಕಟ್ಟಿನ ರಕ್ತನಾಳಕ್ಕೆ ಸೂಜಿ ಚುಚ್ಚಿ, ಸೇಮಿಗೆಯಂಥ ಕೊಳವೆಯೊಂದನ್ನು ಒಳಗೆ ಬಿಡುತ್ತಾರೆ. ಎಕ್ಸ್-ರೇಗೆ ಕಾಣುವ ದ್ರಾವಣವನ್ನು ಹರಿಸಿದಾಗ ರಕ್ತನಾಳಗಳ ಜಾಲವೆಲ್ಲ ಪರದೆಯ ಮೇಲೆ ಮೂಡುತ್ತದೆ, ಅಚ್ಚುಕಟ್ಟು ಪ್ರದೇಶದ ನಕ್ಷೆಯಂತೆ. ಆ ನಕ್ಷೆಯನ್ನು ನೋಡುತ್ತ ಕೊಳವೆಯನ್ನು ಗರ್ಭಕೋಶದ ನಾಳಕ್ಕೆ ನಡೆಸಿ, ಚಿರೋಟಿ ರವೆಯಂಥ ಕಣಗಳನ್ನು ತೇಲಿಬಿಡುತ್ತಾರೆ. ಕಣಗಳು ಹೋಗಿ ಗಡ್ಡೆಯ ತೂಬುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಎಡಕ್ಕೊಂದು, ಬಲಕ್ಕೊಂದು ನಾಳವಿರುವುದರಿಂದ ಎರಡೂ ಕಡೆ ಈ ಕೆಲಸ ಆಗಬೇಕು. ಗರ್ಭಕೋಶದ ಉಳಿದ ಭಾಗಕ್ಕೆ ಅಕ್ಕಪಕ್ಕದ ಕಾಲುವೆಗಳಿಂದ ರಕ್ತ ಬರುತ್ತದೆ, ಅದು ಚೇತರಿಸಿಕೊಳ್ಳುತ್ತದೆ. ಗಡ್ಡೆ ಮಾತ್ರ ಬಾಡಿ, ಕೆಲವು ತಿಂಗಳುಗಳಲ್ಲಿ ಸುಮಾರು ಅರ್ಧದಷ್ಟಾಗುತ್ತದೆ.

ಈ ವಿದ್ಯೆ ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಸೂಜಿಯ ಮೂಲಕ ರಕ್ತನಾಳಕ್ಕೆ ತಂತಿ ತೂರಿಸಿ, ತಂತಿಯ ಮೇಲೆ ಕೊಳವೆ ಜಾರಿಸುವ ಉಪಾಯವನ್ನು 1953ರಲ್ಲಿ ಪ್ರಕಟಿಸಿದವರು ಸ್ವೀಡನ್ನಿನ ಸೆಲ್ಡಿಂಗರ್. 1964ರಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್ ಎಂಬ ಎಕ್ಸ್-ರೇ ವೈದ್ಯರು, ಕಾಲು ಕತ್ತರಿಸಬೇಕೆಂದು ಹೇಳಿಸಿಕೊಂಡಿದ್ದ ಎಂಬತ್ತೆರಡು ವರ್ಷದ ಅಜ್ಜಿಯೊಬ್ಬರ ಕಾಲಿನ ನಾಳವನ್ನು ಕೊಳವೆಯಿಂದಲೇ ಬಿಡಿಸಿ ಕಾಲನ್ನು ಉಳಿಸಿದರು. ಚಿತ್ರ ತೆಗೆಯುವ ವೈದ್ಯ ಚಿಕಿತ್ಸೆಯನ್ನೂ ಕೊಡಬಲ್ಲ ಎಂಬುದು ಅಲ್ಲಿಂದ ಬೇರೂರಿತು. ಪ್ಯಾರಿಸ್ಸಿನ ಸ್ತ್ರೀರೋಗ ತಜ್ಞ ಜಾಕ್ ರವೀನಾ ಮತ್ತು ಸಂಗಡಿಗರು, ಗಡ್ಡೆಯ ಶಸ್ತ್ರಕ್ರಿಯೆಯಲ್ಲಿ ರಕ್ತ ಹೆಚ್ಚು ಹೋಗದಿರಲೆಂದು ಮುಂಚಿತವಾಗಿ ನಾಳಗಳನ್ನು ಮುಚ್ಚುತ್ತಿದ್ದರು. ಮುಚ್ಚಿಸಿಕೊಂಡ ಹೆಂಗಸರಲ್ಲಿ ಹಲವರಿಗೆ ತೊಂದರೆಯೇ ನಿಂತುಹೋಗಿ ಶಸ್ತ್ರಕ್ರಿಯೆ ಬೇಡವೆನಿಸಿತು. 1995ರಲ್ಲಿ ಅವರು ಇದನ್ನು ಲೋಕಕ್ಕೆ ತಿಳಿಸಿದರು. ಅಮೆರಿಕದ ವಿದೇಶಾಂಗ ಸಚಿವೆಯಾಗಿದ್ದ ಕಾಂಡೊಲೀಸಾ ರೈಸ್ 2004ರ ನವೆಂಬರಿನಲ್ಲಿ ಇದೇ ಚಿಕಿತ್ಸೆ ಪಡೆದರು. ಆಗ ಅವರು ಆ ಹುದ್ದೆಗೆ ಹೆಸರಿಸಲ್ಪಟ್ಟು ಕೆಲವೇ ದಿನಗಳಾಗಿದ್ದವು.

ಭೂತಗನ್ನಡಿಯಿಂದ ಬಿಸಿಲನ್ನು ಒಂದೆಡೆ ಸೇರಿಸಿ ಕಾಗದ ಸುಡುವುದನ್ನು ನನ್ನ ಶಿಷ್ಯರೆಲ್ಲ ಶಾಲೆಯಂಗಳದಲ್ಲಿ ಮಾಡಿದ್ದಾರೆ. ಧ್ವನಿಯನ್ನೂ ಹೀಗೆ ಒಂದು ಬಿಂದುವಿನಲ್ಲಿ ಸೇರಿಸಬಹುದು. ದಾರಿಯಲ್ಲಿರುವ ಚರ್ಮ ಸುಡುವುದಿಲ್ಲ, ಬಿಂದುವಿನಲ್ಲಿರುವ ಗಡ್ಡೆ ಅರವತ್ತು ಡಿಗ್ರಿಗೂ ಮೇಲೆ ಕಾದು ಸಾಯುತ್ತದೆ. ಎಂ.ಆರ್.ಐ. ಯಂತ್ರ ಗಡ್ಡೆಯನ್ನು ತೋರಿಸುವುದರ ಜೊತೆಗೆ ಶಾಖವನ್ನೂ ಅಳೆಯುತ್ತಿರುತ್ತದೆ. ಇದಕ್ಕೆ 2004ರಲ್ಲಿ ಅಮೆರಿಕದ ಸರ್ಕಾರ ಒಪ್ಪಿಗೆ ಕೊಟ್ಟಿತು. ಸ್ಕ್ಯಾನಿಂಗ್ ಚಿತ್ರ ನೋಡುತ್ತ ಗಡ್ಡೆಯೊಳಗೆ ಸೂಜಿಯಿಳಿಸಿ ವಿದ್ಯುತ್ತರಂಗದಿಂದ ಕಾಯಿಸುವ ಕ್ರಮವೂ ಬಂದಿದೆ. ಯಾವುದರಲ್ಲಿಯೂ ಹೊಟ್ಟೆ ಸೀಳುವ ಪ್ರಮೇಯವಿಲ್ಲ. ಇವೆಲ್ಲದರಲ್ಲಿಯೂ ವೈದ್ಯರ ಕೈಯನ್ನು ನಡೆಸುವುದು ಚಿತ್ರವೇ.

ಹಾಗೆಂದು ಇದು ಸಂಜೀವಿನಿಯೆಂದು ನಾನು ಹೇಳುತ್ತಿಲ್ಲ. ಬ್ರಿಟನ್ನಿನಲ್ಲಿ 157 ಹೆಂಗಸರನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದ ಮೇಲೆ ಎಂಬೊಲೈಸೇಶನ್ ಆದವರೂ ಶಸ್ತ್ರಕ್ರಿಯೆ ಆದವರೂ ಬಹುಪಾಲು ಒಂದೇ ಸಮನಾದ ನೆಮ್ಮದಿಯಲ್ಲಿದ್ದರು. ಎಂಬೊಲೈಸೇಶನ್ ಆದವರು ಬೇಗ ಮನೆಗೆ ಹೋದರು; ಆದರೆ ಅವರಲ್ಲಿ ಕೆಲವರಿಗೆ ಮತ್ತೆ ಚಿಕಿತ್ಸೆ ಬೇಕಾಯಿತು. ನೆದರ್ಲೆಂಡ್ಸಿನಲ್ಲಿ ಹತ್ತು ವರ್ಷ ಕಾದು ನೋಡಿದಾಗ ಸುಮಾರು ಮೂರರಲ್ಲಿ ಇಬ್ಬರ ಗರ್ಭಕೋಶ ಉಳಿದಿತ್ತು, ಮೂರನೆಯವಳಿಗೆ ತೆಗೆಯಲೇಬೇಕಾಯಿತು. 2020ರಲ್ಲಿ ಬ್ರಿಟನ್ನಿನಿಂದ ಬಂದ ಇನ್ನೊಂದು ಅಧ್ಯಯನ, ಗಡ್ಡೆಯನ್ನಷ್ಟೇ ಶಸ್ತ್ರಕ್ರಿಯೆಯಿಂದ ತೆಗೆಸಿಕೊಂಡವರ ನೆಮ್ಮದಿ ಇನ್ನೂ ಒಂದು ಕೈ ಮೇಲೆಂದು ಹೇಳಿತು. ಮುಂದೆ ಮಕ್ಕಳಾಗಬೇಕೆನ್ನುವವರಿಗೆ ಎಂಬೊಲೈಸೇಶನ್ ಮೊದಲ ಆಯ್ಕೆಯಲ್ಲ. ಕ್ಯಾನ್ಸರಿನ ಅನುಮಾನವಿದ್ದರೆ ಇದು ಕೂಡದು. ಗರ್ಭಕೋಶ ತೆಗೆಯುವುದೇ ಸರಿಯಾದ, ಪ್ರಾಣ ಉಳಿಸುವ ಚಿಕಿತ್ಸೆಯಾಗಿರುವ ಸಂದರ್ಭಗಳೂ ಇವೆ. ನನ್ನ ತಕರಾರು ಶಸ್ತ್ರಕ್ರಿಯೆಯ ಮೇಲಲ್ಲ. ದಾರಿಗಳು ನಾಲ್ಕಿರುವಾಗ ಒಂದನ್ನೇ ತೋರಿಸುವುದರ ಮೇಲೆ.

2021ರಲ್ಲಿ ನಾದಿನಿಯ ಮಗಳಿಗೆ ಅಮ್ಮನ ಕಾಯಿಲೆಯೇ ಬಂತು. ವಯಸ್ಸು ನಲವತ್ತೊಂದು. ರಕ್ತದ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. "ಅತ್ತೆ, ಮುಂದಿನ ವಾರವೇ ತೆಗೀಬೇಕು ಅಂದ್ರು" ಎಂದು ಫೋನು ಮಾಡಿದಳು. ತೆಗೆಯಲಿ, ಆದರೆ ಮೊದಲು ಇನ್ನೊಬ್ಬ ವೈದ್ಯರಿಗೆ ಕಾಗದಗಳನ್ನು ತೋರಿಸೋಣವೆಂದು ಮೈಸೂರಿಗೆ ಕರೆದುಕೊಂಡು ಹೋದೆವು. ಅಲ್ಲಿಯ ಸ್ತ್ರೀರೋಗ ತಜ್ಞೆ ಮೊದಲು ರಕ್ತ ತುಂಬುವ ಔಷಧ ಕೊಟ್ಟು, ಎಂ.ಆರ್.ಐ. ಮಾಡಿಸಲು ಹೇಳಿದರು. ಆ ಚಿತ್ರವನ್ನು ಬೆಳಕಿನ ಹಲಗೆಯ ಮೇಲಿಟ್ಟು, "ನೋಡಮ್ಮ, ಇದು ಗರ್ಭಕೋಶ, ಇದು ಗಡ್ಡೆ, ಇದು ನಿನ್ನ ಅಂಡಾಶಯ" ಎಂದು ಬೆರಳಿಟ್ಟು ತೋರಿಸಿ, ಇರುವ ದಾರಿಗಳನ್ನೂ ಅವುಗಳ ಲಾಭನಷ್ಟಗಳನ್ನೂ ಒಂದೊಂದಾಗಿ ಹೇಳಿದರು. ಅವಳಿಗೆ ಇಬ್ಬರು ಮಕ್ಕಳು, ಇನ್ನು ಬೇಡವಾಗಿತ್ತು. ಕಬ್ಬಿನ ಕಟಾವಿನ ಕಾಲಕ್ಕೆ ಎರಡು ತಿಂಗಳು ಮಲಗಲು ಆಗುವಂತಿರಲಿಲ್ಲ. ಎಂಬೊಲೈಸೇಶನ್ ಆಗಲೆಂದು ಅವಳೇ ಹೇಳಿದಳು. ಬೆಂಗಳೂರಿನಲ್ಲಿ ಆಯಿತು. ಆ ರಾತ್ರಿ ಅವಳು ಪಟ್ಟ ನೋವನ್ನು ಮುಚ್ಚಿಡಲಾರೆ. ಹೆರಿಗೆ ನೋವಿನಂತೆ ಹಿಂಡಿತೆಂದಳು, ಔಷಧದ ಮೇಲೆ ಔಷಧ ಕೊಡಬೇಕಾಯಿತು, ಎರಡು ದಿನ ಜ್ವರವೂ ಬಂತು. ಖರ್ಚಿಗೆ ಒಂದು ಎಕರೆ ಕಬ್ಬಿನ ದುಡ್ಡು ಸಾಲಲಿಲ್ಲ. ಆದರೆ ಎರಡು ವಾರದಲ್ಲಿ ಅವಳು ಕೊಟ್ಟಿಗೆ ಕೆಲಸಕ್ಕೆ ಇಳಿದಿದ್ದಳು. ಆರು ತಿಂಗಳ ಮೇಲೆ ಹಿಮೋಗ್ಲೋಬಿನ್ ಹನ್ನೊಂದನ್ನು ದಾಟಿತ್ತು, ಗಡ್ಡೆ ಅರ್ಧಕ್ಕಿಂತ ಚಿಕ್ಕದಾಗಿತ್ತು.

ಆ ಚಿತ್ರದ ಹಾಳೆಯನ್ನು ನಾದಿನಿ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಿದ್ದಳು. ಆಮೇಲೆ ಕೇಳಿದಳು: "ಅತ್ಗೆ, ಆವಾಗ ನಂಗೂ ಹಿಂಗೊಂದ್ ದಾರಿ ಇತ್ತಾ?"

ಸಮಾಧಾನಕ್ಕೆಂದು ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. ರವೀನಾ ಅವರ ಲೇಖನ ಬಂದದ್ದು 1995ರಲ್ಲಿ. ಅವಳ ಶಸ್ತ್ರಕ್ರಿಯೆ ಅದಕ್ಕೂ ಒಂದು ವರ್ಷ ಹಿಂದಿನದು. "ಈ ದಾರಿ ಇರಲಿಲ್ಲ ಕಣಮ್ಮ. ಆದರೆ ಮಾತ್ರೆ ಕೊಟ್ಟು ನೋಡಬಹುದಿತ್ತು. ಅಂಡಾಶಯ ಚೆನ್ನಾಗಿದ್ದಿದ್ದರೆ ಅದನ್ನು ಉಳಿಸಬಹುದಿತ್ತು. ನಿನ್ನನ್ನು ಯಾರೂ ಕೇಳಲಿಲ್ಲ" ಎಂದೆ.

"ಕೇಳಿದ್ರೂ ನಾನೇನ್ ಹೇಳ್ತಿದ್ದೆ? ಒಳಗೆ ಏನೈತೆ ಅಂತ ಗೊತ್ತಿದ್ರಲ್ವಾ ಹೇಳಾಕೆ?" ಎಂದಳು.

ನನ್ನ ಬಿ.ಎಡ್. ತರಬೇತಿಯಲ್ಲಿ ಓದಿದ ಯಾವ ಶಿಕ್ಷಣ ಸೂತ್ರಕ್ಕೂ ಈ ಮಾತಿನಷ್ಟು ತೂಕವಿರಲಿಲ್ಲ. ತಿಳಿದವಳಿಗಷ್ಟೇ ಒಪ್ಪಿಗೆ ಕೊಡುವ ಹಕ್ಕು ನಿಜವಾಗಿ ದಕ್ಕುತ್ತದೆ. ತಿಳಿಯದವಳ ಹೆಬ್ಬೆಟ್ಟು ಒಪ್ಪಿಗೆಯಲ್ಲ, ಶರಣಾಗತಿ.

ಆದ್ದರಿಂದ ನಮ್ಮ ಹೆಣ್ಣುಮಕ್ಕಳು ಆಸ್ಪತ್ರೆಯಲ್ಲಿ ನಾಲ್ಕು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಒಂದು, ಸ್ಕ್ಯಾನಿಂಗಿನಲ್ಲಿ ಏನು ಕಂಡಿದೆ, ನನಗೆ ತೋರಿಸಿ. ಎರಡು, ಮಾತ್ರೆಯಿಂದ ಕೆಲವು ತಿಂಗಳು ನೋಡಬಹುದೇ? ಮೂರು, ಗಡ್ಡೆಯನ್ನಷ್ಟೇ ತೆಗೆಯುವ ಅಥವಾ ಬಾಡಿಸುವ ಉಪಾಯ ನನಗೆ ಹೊಂದುತ್ತದೆಯೇ? ನಾಲ್ಕು, ಗರ್ಭಕೋಶ ತೆಗೆಯಲೇಬೇಕೆಂದರೆ ಅಂಡಾಶಯಗಳನ್ನು ಉಳಿಸುತ್ತೀರಾ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಡುಕುವುದಿಲ್ಲ. ಇನ್ನೊಬ್ಬ ವೈದ್ಯರ ಅಭಿಪ್ರಾಯಕ್ಕೆ ಬಹಳ ದೂರ ಹೋಗಬೇಕಾಗಿಯೂ ಇಲ್ಲ: ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ, ನಾಗಮಂಗಲದವರಿಗೆ ಬೆಳ್ಳೂರಿನ ಬಳಿ ಆದಿಚುಂಚನಗಿರಿಯ ವೈದ್ಯಕೀಯ ಕಾಲೇಜಿದೆ, ಶ್ರೀರಂಗಪಟ್ಟಣ ಪಾಂಡವಪುರದವರಿಗೆ ಮೈಸೂರಿನ ಚೆಲುವಾಂಬ ಆಸ್ಪತ್ರೆ ಹತ್ತಿರ. ರಕ್ತನಾಳದ ಕೊಳವೆ ಚಿಕಿತ್ಸೆಗೆ ಮಾತ್ರ ಅದರಲ್ಲಿ ಪಳಗಿದ ರೇಡಿಯಾಲಜಿ ತಜ್ಞರಿರುವ ದೊಡ್ಡ ಆಸ್ಪತ್ರೆಯೇ ಬೇಕು. ಆ ತಜ್ಞರು ಜಿಲ್ಲಾ ಕೇಂದ್ರಗಳಿಗೂ ಬರಬೇಕು; ಬಡವರ ಕೈಗೆ ಎಟುಕುವ ದರದಲ್ಲಿ ಬರಬೇಕು. ಹೃದಯಕ್ಕೆ ಸ್ಟೆಂಟ್ ಹಾಕುವ ವಿದ್ಯೆ ಹೀಗೆಯೇ ಮಹಾನಗರದಿಂದ ನಮ್ಮತ್ತ ಬಂದದ್ದನ್ನು ಕಣ್ಣಾರೆ ಕಂಡವರು ನಾವು.

ಸ್ಕ್ಯಾನಿಂಗ್ ವರದಿಯನ್ನು ಎಸೆಯಬೇಡಿ. ಪಹಣಿ, ಪಡಿತರ ಚೀಟಿಗಳನ್ನಿಡುವ ಟ್ರಂಕಿನಲ್ಲಿ ಅದಕ್ಕೂ ಜಾಗ ಮಾಡಿ. ಅದರಲ್ಲಿರುವುದು ನಿಮ್ಮ ಒಡಲಿನ ಲೆಕ್ಕ. ಓದಲು ಬಾರದಿದ್ದರೆ ಹೈಸ್ಕೂಲಿಗೆ ಹೋಗುವ ಮಗಳಿಂದ ಓದಿಸಿ, ಅವಳಿಗೂ ಪಾಠವಾದೀತು.